ಮೂರನೆಯ ತೂತು

ಆಗಸ್ಟ್ 20, ಮಂಗಳವಾರ. ಸಂಜೆ

ಬೆಳಿಗ್ಗೆ ರಾಯಚೂರು ದಾಟುವಷ್ಟರಲ್ಲಿ ಹದಿನೆಂಟು ಸಲ ಗೇರು ಬದಲಾಯಿಸಿದೆ. ನಿನ್ನೆ ಇಪ್ಪತ್ತೊಂದು. ಒಂದೂ ತಪ್ಪಲಿಲ್ಲ. ಇಲ್ಲ, ಒಂದು ತಪ್ಪಿತು. ಸ್ಟೇಷನ್ ಹತ್ತಿರ ಹಂದಿ ಅಡ್ಡ ಬಂತು, ನಾಗರತ್ನಾ ಕ್ಲಚ್ ಒತ್ತಿದಳು, ನಾನು ಎರಡಕ್ಕೆ ಎಳೆಯುವ ಬದಲು ನಾಲ್ಕಕ್ಕೆ ಎಳೆದೆ. ಕಾರು ನಡುಗಿ ಆಫ್ ಆಯಿತು. ಹಿಂದಿನ ಆಟೋದವನು ಬೈದ. ಬೈಗುಳ ಅವಳಿಗೆ, ತಪ್ಪು ನನ್ನದು.

"ಎಲ್ಲಿ ಅದರಿ ಲಕ್ಷ್ಯ?" ಅಂದಳು.

ಅವಳ ಮೇಲೇ ಇತ್ತು ಎಂದು ಹೇಳಲಿಲ್ಲ. ಅರವತ್ತರ ಗಂಡಸು ಹಾಗೆಲ್ಲ ಹೇಳಿದರೆ ನಗುತ್ತಾಳೆ.

ಯಾರಾದರೂ ಇದನ್ನು ಓದಿದರೆ ತಲೆ ಕೆಟ್ಟಿದೆ ಅಂದಾರು. ಯಾರೂ ಓದುವುದಿಲ್ಲ, ಆದರೂ ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ನಮ್ಮ ಕಾರು ಓಡಿಸುವುದು ಇಬ್ಬರು. ಸ್ಟೇರಿಂಗು, ಕ್ಲಚ್ಚು, ಬ್ರೇಕು, ಎಕ್ಸಲೇಟರು — ಹೆಂಡತಿ ನಾಗರತ್ನಾ. ಗೇರು — ನಾನು, ಎಡಗಡೆ ಸೀಟಿನಿಂದ, ಬಲಗೈಯಲ್ಲಿ. ಮಾರ್ಚಿನಲ್ಲಿ ಅವಳ ಎಡಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್ ಅಂತೆ. ಗೇರು ಹಿಂದಕ್ಕೆ ಎಳೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ತಾನು ಪಾಠ ಮಾಡುವ ಮಸರಕಲ್ ಹೈಸ್ಕೂಲಿಗೆ ಬಸ್ಸಿನಲ್ಲಿ ನಾಲ್ಕು ದಿನ ಹೋದಳು, ಸೀಟು ಸಿಗದೆ ಕಂಬಿ ಹಿಡಿದು ನಿಂತು ಇನ್ನೂ ಹೆಚ್ಚಾಯಿತು. ಮೇ ತಿಂಗಳಲ್ಲಿ ನಾನು ರಿಟೈರ್ ಆದೆ. ಜೂನಿನಿಂದ ಹೀಗೆ.

ಮೊದಮೊದಲು "ಒಂದು", "ಎರಡು", "ಮೂರು" ಎಂದು ಹೇಳುತ್ತಿದ್ದಳು. ಈಗ ಹೇಳುವುದೇ ಇಲ್ಲ. ಎಡಮೊಣಕಾಲ ಮೇಲಿನ ಸೀರೆ ಅಲುಗಿದರೆ ನನ್ನ ಕೈ ತಾನೇ ಹೋಗುತ್ತದೆ.

ಆಗಸ್ಟ್ 23, ಶುಕ್ರವಾರ

ಮಸರಕಲ್‌ನಲ್ಲಿ ನನ್ನ ಜಾಗ ಸ್ಕೂಲಿನ ಎದುರಿನ ಚಹಾ ಹೋಟೆಲಿನ ಕಟ್ಟೆ. ಒಂಬತ್ತರಿಂದ ನಾಲ್ಕೂವರೆ. ಪೇಪರು, ಒಂದು ಮಂಡಕ್ಕಿ, ಎರಡು ಚಹಾ. ನಾನು ಸರ್ವೇಯರ್ ಆಗಿದ್ದವನೆಂದು ಗೊತ್ತಾದ ಮೇಲೆ ಜನ ಪಹಣಿ ಹಿಡಿದುಕೊಂಡು ಬರುತ್ತಾರೆ. ಇವತ್ತು ಅಣ್ಣತಮ್ಮಂದಿರು ಬಂದಿದ್ದರು, ಬದುವಿನ ಜಗಳ. ನಕ್ಷೆ ನೋಡಿ ಹೇಳಿದೆ. ಇಬ್ಬರಿಗೂ ಸಿಟ್ಟು ಬಂತು, ಅಂದರೆ ಸರಿಯಾಗಿಯೇ ಹೇಳಿದ್ದೇನೆ.

ಹುಡುಗರು ನನಗೆ "ಗೇರ್ ಸರ್" ಎಂದು ಹೆಸರಿಟ್ಟಿದ್ದಾರೆ. ಗೇಟಿನಲ್ಲಿ ಕಾರು ನಿಂತ ಕೂಡಲೇ "ನಮಸ್ಕಾರ್ರೀ ಗೇರ್ ಸರ್!" ನನಗೆ ಖುಷಿ. ಅವಳ ಮುಖ ಬಿಗಿಯಿತು.

ಮೂವತ್ತನಾಲ್ಕು ವರ್ಷ ತಾಲೂಕು ತಾಲೂಕು ಸರಪಳಿ ಎಳೆದೆ. ಇವಳ ಪಕ್ಕ ದಿನಕ್ಕೆ ಎರಡು ತಾಸು ಸುಮ್ಮನೆ ಕೂತದ್ದು ಇದೇ ಮೊದಲು. ಚಲೋ ಅನ್ನಿಸುತ್ತದೆ. ಬಹಳ ಚಲೋ ಅನ್ನಿಸುತ್ತದೆ.

ಆಗಸ್ಟ್ 29, ಗುರುವಾರ

ಬಿಇಒ ಆಫೀಸಿನ ಕೆಲಸಕ್ಕೆ ದೇವದುರ್ಗಕ್ಕೆ ಹೋಗಿದ್ದೆವು. ಊರೊಳಗೆ ಟ್ರಾಫಿಕ್ಕು, ಒಂದು-ಎರಡು, ಎರಡು-ಒಂದು. ಪೊಲೀಸಿನವನು ಕೈ ಮಾಡಿದ. ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದೆಯಿಂದಲೇ ಕೇಳಿದ.

"ಯಜಮಾನ್ರ, ಗಾಡಿ ಯಾರು ಓಡ್ಸಾಕತ್ತೀರಿ?"

"ಇಬ್ಬರೂ," ಅಂದೆ. ನಿಜ ಹೇಳುವುದು ನನ್ನ ಚಟ.

"ಅಕ್ಕಾರ, ಇದು ನಡಿಯಂಗಿಲ್ರಿ. ನಾಳೆ ಎದುರಿಗೆ ಲಾರಿ ಬಂದ್ರ ಇವರು ಒಂದು ಮಾಡ್ತಾರ, ನೀವೊಂದು ಮಾಡ್ತೀರಿ. ಇನ್ನೊಮ್ಮಿ ಕಂಡ್ರ ಕೇಸ್ ಹಾಕ್ತೀನಿ ನೋಡ್ರಿ."

ಸುತ್ತ ಜನ ಸೇರಿದರು. ಅದರಲ್ಲಿ ಅವಳ ಸ್ಕೂಲಿನ ಪಾಲಕರೂ ಇದ್ದರು. ವಾಪಸ್ ಹೊರಟೆವು. ನಾಲ್ಕರಲ್ಲಿ ಹೋಗುತ್ತಿದ್ದೆವು, ಐದಕ್ಕೆ ಹಾಕಲು ಅವಳು ಕ್ಲಚ್ ಒತ್ತಲೇ ಇಲ್ಲ. ರಾಯಚೂರಿನವರೆಗೂ ನಾಲ್ಕರಲ್ಲೇ.

ಮನೆಗೆ ಬಂದು ಚೀಲ ಇಟ್ಟು ಹೇಳಿದಳು: "ನನಗ ಇನ್ನೂ ಏಳು ವರ್ಷ ಸರ್ವಿಸ್ ಅದ. ಏನರ ದಾರಿ ಹುಡುಕ್ರಿ. ಇಲ್ಲಂದ್ರ ರಾಜೀನಾಮಿ ಬರೀಬೇಕಾಗ್ತದ. ಬರೆಯಂಗಿಲ್ಲ ನಾ."

ಆಟೋಮ್ಯಾಟಿಕ್ ಕಾರು ಸದ್ಯಕ್ಕೆ ಆಗದ ಮಾತು. ಡ್ರೈವರ್ ಇಡೋಣ ಅಂದೆ. ಮಂದಿ ಓಡಿಸುವ ಗಾಡಿಯಲ್ಲಿ ಕೂರುವುದಿಲ್ಲ ಅಂದಳು. ನಾನು ಓಡಿಸುವ ಮಾತು ಇಬ್ಬರೂ ಎತ್ತಲಿಲ್ಲ. ಎಂಟು ವರ್ಷದಿಂದ ಎತ್ತಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಅವಳ ಸ್ಕೂಲಿನ ಇಂಗ್ಲಿಷ್ ಟೀಚರ್ ವಾಹಿದಾ ಬಂದಿದ್ದರು, ಅವರ ತಮ್ಮನ ಕಾರಿನಲ್ಲಿ. ಗೇರು ನೋಡಿ ಬೆರಗಾದೆ. ಬೆರಳಲ್ಲಿ ತಳ್ಳಿದರೆ ಬೀಳುತ್ತದೆ. ಹಿಡಿ ಓಡಾಡುವ ದಾರಿಯೇ ಗಿಡ್ಡ. ಶಾರ್ಟ್ ಶಿಫ್ಟರ್ ಅಂತೆ, ಹೊರಗಿಂದ ತಂದು ಹಾಕಿಸಿದ್ದು. ನಾಗರತ್ನಾಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಓಡಿಸಲು ಕೊಟ್ಟರು. ಎರಡು ಸುತ್ತು ಹಾಕಿ ಬಂದಳು. ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ ಗೇರು ಹಾಕಿದಳಂತೆ. ಭುಜ ಏಳಲೇ ಬೇಕಿಲ್ಲ.

ಅವಳು ಹಾಗೆ ನಕ್ಕದ್ದು ಮಾರ್ಚಿನ ನಂತರ ಇದೇ ಮೊದಲು. "ನಮ್ಮ ಗಾಡಿಗೂ ಇಂಥಾದ್ದು ಹಾಕ್ಸೋಣ್ರೀ. ನೀವ ನೋಡಿ ತರಿಸ್ರಿ, ಅಳತಿ-ಗಿಳತಿ ನಿಮಗ ತಿಳೀತದ."

ಆಯಿತು ಅಂದೆ. ಆಮೇಲೆ ಕೇಳಿದೆ — ಕೇಳಬಾರದಿತ್ತು — "ನಾ ಬರೋದು ಬ್ಯಾಡಾಗ್ಯದೇನು?"

"ಹಂಗಲ್ರಿ. ಪಾಠ ಮಾಡಾಕತ್ತಾಗ ಕಿಡಿಕ್ಯಾಗ ನಿಮ್ಮ ಬೆನ್ನು ಕಾಣ್ತದ. ಕಟ್ಟಿ ಮ್ಯಾಲ ಒಬ್ಬರ ಕುಂತಿರ್ತೀರಿ. ನನಗ ಪಾಠದ ಮ್ಯಾಲ ಧ್ಯಾನ ನಿಲ್ಲಂಗಿಲ್ಲ."

ಇದರ ಅರ್ಥ ಏನು? ಕನಿಕರವೋ, ಕಿರಿಕಿರಿಯೋ? ನನ್ನ ಬೆನ್ನು ಅವಳಿಗೆ ಏನು ಮಾಡಿತು? ಅರ್ಧ ತಾಸು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡೆ. ಬೆನ್ನು ಕಾಣಲಿಲ್ಲ, ಕುತ್ತಿಗೆ ಉಳುಕಿತು.

ಸೆಪ್ಟೆಂಬರ್ 4, ಬುಧವಾರ

ಮೂರು ದಿನದಿಂದ ಮೊಬೈಲಿನಲ್ಲಿ ಅದರ ವಿಡಿಯೋಗಳನ್ನೇ ನೋಡುತ್ತಿದ್ದೇನೆ. ತಲೆ ಮೊಸರು ಗಡಿಗೆಯಾಗಿದೆ. ಶಾರ್ಟ್ ಶಿಫ್ಟರ್ ಒಂದು, ಕ್ವಿಕ್ ಶಿಫ್ಟರ್ ಒಂದು. ಎರಡನೆಯದು ಬೈಕಿಗೆ ಎಂದು ಗೊತ್ತಾಗಲು ಒಂದು ಮಧ್ಯಾಹ್ನ ಹೋಯಿತು. ತೆಲುಗಿನವನು ಗೇರಿನ ಲಿವರ್ ಕತ್ತರಿಸಿ ಗಿಡ್ಡ ಮಾಡಿದರೆ ಸಾಕು ಅನ್ನುತ್ತಾನೆ. ಹಿಂದಿಯವನು ಕತ್ತರಿಸಿದವನು ಮೂರ್ಖ ಅನ್ನುತ್ತಾನೆ. ಇಂಗ್ಲಿಷಿನವನು ಏನನ್ನುತ್ತಾನೋ ತಿಳಿಯಲಿಲ್ಲ, ಆದರೆ ಅವನ ಗ್ಯಾರೇಜು ನಮ್ಮ ಅಡುಗೆಮನೆಗಿಂತ ಸ್ವಚ್ಛ.

ಕಾರಿನಲ್ಲಿ ಸ್ಕೇಲ್ ಹಿಡಿದು ಅಳೆದೆ. ಒಂದರಿಂದ ಎರಡಕ್ಕೆ ಲಿವರಿನ ತುದಿಯ ದುಂಡು ಗುಬ್ಬಿ ಏಳು ಇಂಚು ಚಲಿಸುತ್ತದೆ. ನೆರೆಮನೆಯವರು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಸರ್ವೆ ಅಂದೆ.

ಸೆಪ್ಟೆಂಬರ್ 14, ಶನಿವಾರ

ನಾನು ತರಿಸಿದ ಶಾರ್ಟ್ ಶಿಫ್ಟರಿನ ಪಾರ್ಸಲ್ ಬಂತು. ಬಿಚ್ಚಿದರೆ ಕೆಂಪು ಗುಬ್ಬಿ, ಅದರ ಮೇಲೆ ಆರು ಗೇರಿನ ಚಿತ್ರ. ನಮ್ಮ ಕಾರಿಗೆ ಇರುವುದು ಐದು. ಗುಬ್ಬಿ ಬಿಟ್ಟರೆ ಡಬ್ಬಿಯಲ್ಲಿ ಬೇರೇನೂ ಇಲ್ಲ.

"ಆರನೇದು ಎಲ್ಲಿಗೆ ಒಯ್ತದರಿ?" ಎಂದು ಕೇಳಿ ಹೊಟ್ಟೆ ಹಿಡಿದು ನಕ್ಕಳು. ಎಡಗೈ ಎತ್ತಲಾಗದೆ ಬಲಗೈಯಲ್ಲೇ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ.

ವಾಪಸ್ ಕಳಿಸಬೇಕು. ಒಳಗೊಳಗೆ ಸಮಾಧಾನವೂ ಆಯಿತು. ಏಕೆ ಆಯಿತು?

ಸೆಪ್ಟೆಂಬರ್ 26, ಗುರುವಾರ

ಈ ಸಲ ವಾಹಿದಾ ಅವರ ತಮ್ಮನೇ ತರಿಸಿಕೊಟ್ಟ. ನಮ್ಮ ಗಾಡಿಗೆ ಹೊಂದುವಂಥದ್ದೇ. ಉಕ್ಕಿನ ಪಟ್ಟಿ, ಅದರಲ್ಲಿ ಸಾಲಾಗಿ ಮೂರು ತೂತು. ಯಾವ ತೂತಿಗೆ ಬೋಲ್ಟ್ ಹಾಕುತ್ತೇವೋ ಅದರ ಮೇಲೆ ಗೇರಿನ ದಾರಿಯ ಉದ್ದ. ಚೀಟಿಯಲ್ಲಿ ಬರೆದಿದೆ: ಮೊದಲನೆಯ ತೂತಿಗೆ ಸ್ವಲ್ಪ ಗಿಡ್ಡ, ಎರಡನೆಯದಕ್ಕೆ ಇನ್ನೂ ಗಿಡ್ಡ, ಮೂರನೆಯದಕ್ಕೆ ಅರ್ಧಕ್ಕರ್ಧ. ಲೆಕ್ಕ ಹಾಕಿದೆ. ಏಳು ಇಂಚು ಇದ್ದದ್ದು ಐದೂಮುಕ್ಕಾಲು, ನಾಲ್ಕೂಮುಕ್ಕಾಲು, ಮೂರೂವರೆ.

ಗಂಜ್ ಹಿಂದಿನ ಅಂಜಿನೇಯನ ಗ್ಯಾರೇಜಿಗೆ ಒಯ್ದೆ. ಕಾರಿನ ಕೆಲಸವೆಲ್ಲ ಅವನದೇ. ತಿರುಗಿಸಿ ನೋಡಿದ, ಮೂಸಿಯೂ ನೋಡಿದ.

"ಚಲೋ ಮಾಲ್ ಅದರಿ ಅಣ್ಣಾರ. ಆದ್ರ ಬೋಲ್ಟ್ ಕೂಡೋ ಈ ಬುಷ್ ಸಡ್ಲ ಅದ. ಹಿಂಗ ಹಾಕಿದ್ರ ಲಟಲಟ ಅಂತದ. ಮಾನ್ವಿಗೆ ಹೋಗ್ರಿ, ಮುನವ್ವರ್ ಬೀ ಅವರ ಲೇತಿಗೆ. ರೈಸ್ ಮಿಲ್ಲಿನ ಶಾಫ್ಟ್ ಮಾಡೋರು ಅವರು, ಕೂದಲೆಳಿ ಫರಕ್ ಬರಂಗಿಲ್ಲ."

ದಸರಾ ರಜೆಯಲ್ಲಿ ಹೋಗೋಣ ಅಂದಳು. ಅಲ್ಲಿಯವರೆಗೆ ದೇವದುರ್ಗದ ಕಡೆ ಹೋಗದೆ ಮಸರಕಲ್‌ಗೆ ಮಾತ್ರ ಹೀಗೇ ನಡೆಯಲಿ. ಇನ್ನು ಐದಾರು ದಿನ.

ಅಕ್ಟೋಬರ್ 1, ಮಂಗಳವಾರ

ರಜೆಗೆ ಮುಂಚಿನ ಕೊನೆಯ ದಿನ; ನಾಳೆ ಗಾಂಧಿ ಜಯಂತಿ, ನಾಡಿದ್ದಿನಿಂದ ದಸರಾ ರಜೆ. ಇವತ್ತು ವಾಪಸ್ ಬರುವಾಗ ಒಂದೂ ತಪ್ಪಲಿಲ್ಲ. ಒಂದೂ. ಅವಳಿಗೆ ಹೇಳಿದೆ. "ಹೌದ್ರಿ?" ಅಂದಳು. ಅವಳು ಎಣಿಸುವುದಿಲ್ಲ, ನಾನೊಬ್ಬನೇ ಎಣಿಸುವುದು.

ಅಕ್ಟೋಬರ್ 5, ಶನಿವಾರ. ಮಾನ್ವಿಯಿಂದ ಬಂದು

ನಾಗರತ್ನಾಳನ್ನು ಅವಳ ತಂಗಿಯ ಮನೆಯಲ್ಲಿ ಬಿಟ್ಟು ನಾನೊಬ್ಬನೇ ಲೇತಿಗೆ ನಡೆದುಕೊಂಡು ಹೋದೆ. ಮುನವ್ವರ್ ಬೀಗೆ ನನ್ನಷ್ಟೇ ವಯಸ್ಸಿರಬಹುದು. ಗಂಡ ತೀರಿದ ಮೇಲೆ ತಾವೇ ಮಷೀನು ನಡೆಸುತ್ತಾರೆ. ಮೂಗಿನ ತುದಿಗೆ ಕನ್ನಡಕ, ಸೆರಗು ಸೊಂಟಕ್ಕೆ ಬಿಗಿದದ್ದು.

ಬುಷ್ ಅಳೆದರು. ಆಮೇಲೆ ಪಟ್ಟಿಯ ಮೂರು ತೂತು ನೋಡಿ ಕೇಳಿದರು: "ಇದು ಯಾರ ಸಲುವಾಗಿರಿ ಸರ್?"

ಹೇಳಿದೆ. ಹೆಂಡತಿ, ಭುಜ, ಎಲ್ಲ.

"ಹಂಗಾರ ಇಲ್ಲಿ ಬರ್ರಿ." ಮೂಲೆಯಲ್ಲಿದ್ದ ಹಾರೆ ತಂದು ಕಬ್ಬಿಣದ ತುಂಡೊಂದರ ಕೆಳಗೆ ಕೊಟ್ಟರು. "ತುದಿಗೆ ಹಿಡ್ದು ಒತ್ರಿ." ಒತ್ತಿದೆ, ತುಂಡು ಸಲೀಸಾಗಿ ಎದ್ದಿತು. "ಈಗ ನಡಕ್ಕ ಹಿಡ್ದು ಒತ್ರಿ." ಒತ್ತಿದೆ. ಹಲ್ಲು ಕಚ್ಚಬೇಕಾಯಿತು.

"ಕೈ ಕಮ್ಮಿ ಹೋತು, ತಾಕತ್ ಜಾಸ್ತಿ ಬೇಕಾತು. ತಿಳೀತಲ್ರಿ? ಅಮ್ಮಾರ ಭುಜಕ್ಕ ನೋವದ ಅಂದ್ರ ಪೈಲಾ, ಮೊದಲನೇ ತೂತಿಗೇ ಹಾಕ್ಸ್ರಿ. ಅದು ಗಿಡ್ಡನೂ ಆಗ್ತದ, ಜಡಾನೂ ಆಗಂಗಿಲ್ಲ. ಮೂರನೇದು ರೇಸ್ ಹುಡುಗ್ರಿಗೆ. ಮರೀಬ್ಯಾಡ್ರಿ ಮತ್ತ, ಅಂಜಿನೇಯಗೂ ಹೇಳ್ರಿ."

ತಿಳಿಯಿತು. ಇಷ್ಟು ಸ್ಪಷ್ಟವಾಗಿ ಯಾವ ವಿಡಿಯೋದವನೂ ಹೇಳಿರಲಿಲ್ಲ.

ವಾಪಸ್ ಬರುವಾಗ ಬಾಗಲವಾಡದ ಕಡೆಯಿಂದ ಬಂದ ಟ್ರ್ಯಾಕ್ಟರಿನಲ್ಲಿ ಭತ್ತದ ಚೀಲ. ಇಬ್ಬರೂ ನೋಡಿದೆವು. 2016ರ ಡಿಸೆಂಬರಿನಲ್ಲಿ ಅದೇ ಬಾಗಲವಾಡದ ರಸ್ತೆಯಲ್ಲಿ ಒಣಹಾಕಿದ್ದ ಭತ್ತದ ಮೇಲೆ ಬ್ರೇಕ್ ಒತ್ತಿದ್ದೆ. ಸ್ಟೇರಿಂಗಿನಲ್ಲಿ ನಾನು, ಪಕ್ಕದಲ್ಲಿ ಅವಳು. ಕಾರು ಜಾರಿ ಕಾಲುವೆಯ ಏರಿಯ ಮೇಲೆ ನಿಂತಿತು, ಎರಡು ಗಾಲಿ ಗಾಳಿಯಲ್ಲಿ. ಭತ್ತ ಹರವುತ್ತಿದ್ದ ಹೆಣ್ಣುಮಗಳು ಹಾರಿಕೊಂಡು ಬದುಕಿದಳು. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ನಾನು ಸ್ಟೇರಿಂಗ್ ಮುಟ್ಟಿಲ್ಲ. ಮರುವರ್ಷ ನಲವತ್ತೈದರ ಇವಳು ಡ್ರೈವಿಂಗ್ ಕಲಿತಳು. ನನ್ನ ಲೈಸೆನ್ಸ್ ಗುರುತಿನ ಚೀಟಿಗಾಗಿ ರಿನ್ಯೂ ಆಗುತ್ತಾ ಬಂದಿದೆ, ಅಷ್ಟೆ.

ಲೇತಿನವರು ಏನಂದರು ಎಂದು ಕೇಳಿದಳು. "ಬುಷ್ ಸರಿ ಆತು," ಅಂದೆ. ಅಷ್ಟೇ ಅಂದೆ.

ಅಕ್ಟೋಬರ್ 8, ಮಂಗಳವಾರ

ಹಾಕಿಸಿದ್ದಾಯಿತು. ಬೆಳಿಗ್ಗೆ ಅಂಜಿನೇಯನೇ ಬಂದು ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋದ, ಹತ್ತರಿಂದ ಮೂರರವರೆಗೆ ಕೆಲಸ. ಸೀಟಿನ ನಡುವಿನ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದ. ಅದರೊಳಗೆ ಏನೇನು! ನಾಲ್ಕು ಪಿನ್ನು, ಒಂದು ಏಲಕ್ಕಿ, ಅವಳ ಕಳೆದುಹೋಗಿದ್ದ ಕಿವಿಯ ಓಲೆ. ಹಳೆಯ ಲಿವರ್ ತೆಗೆದ, ಗೇರ್ ಕೇಬಲ್ಲಿನ ಕೊಂಡಿ ಬಿಡಿಸಿದ, ಹೊಸ ಪಟ್ಟಿ ಕೂರಿಸಿದ. ಬುಷ್ ಒಂದೇ ಸಲಕ್ಕೆ ಕೂತಿತು.

"ಯಾವ ತೂತಿಗೆ ಹಾಕ್ಲಿರಿ ಅಣ್ಣಾರ?"

ಬೋಲ್ಟ್ ಅವನ ಕೈಯಲ್ಲಿತ್ತು. ನಾನು ಎಡಗಡೆ ಸೀಟಿನ ಬಾಗಿಲ ಹತ್ತಿರ ನಿಂತಿದ್ದೆ. ಸೀಟು ಖಾಲಿ ಇತ್ತು.

"ಮೂರನೇದಕ್ಕ," ಅಂದೆ.

"ಅಕ್ಕಾರಿಗೆ ಜಡಾ ಆಗ್ತದೇನರಿ? ಮೊದಲನೇದಕ್ಕ ಹಾಕಿ ನೋಡೂಣು?"

"ಇಲ್ಲ, ಗಿಡ್ಡಂದ್ರ ಪೂರಾ ಗಿಡ್ಡನ ಬೇಕಂದಾಳ."

ಹಾಗೆ ಅವಳು ಹೇಳಿರಲಿಲ್ಲ. ನಾನು ಹೇಳಿದೆ. ಏಕೆ ಹೇಳಿದೆ? ಬರೆಯಬೇಕೆಂದು ಕೂತು ಮುಕ್ಕಾಲು ತಾಸಾಯಿತು. ನನಗೆ ತಿಳಿದಿರಲಿಲ್ಲ ಎಂದು ಬರೆಯಬಹುದು. ಯಾರೂ ಓದುವುದಿಲ್ಲ, ಆದರೂ ಸುಳ್ಳಾಗುತ್ತದೆ.

ಅಕ್ಟೋಬರ್ 11, ಶುಕ್ರವಾರ. ಆಯುಧ ಪೂಜೆ

ಕಾರು ತೊಳೆದು ವಿಭೂತಿ ಹಚ್ಚಿ, ಸೇವಂತಿ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟೆವು. ಹೊಸ ಗೇರಿಗೂ ಕುಂಕುಮ ಹಚ್ಚಿದಳು. "ನನ್ನ ಕೈ ಇದು," ಎಂದು ಅದಕ್ಕೆ ನಮಸ್ಕಾರ ಮಾಡಿದಳು. ನಾನು ತೆಂಗಿನಕಾಯಿ ಒಡೆದೆ. ಒಂದೇ ಏಟಿಗೆ ಒಡೆಯಲಿಲ್ಲ.

ಅಕ್ಟೋಬರ್ 13, ಭಾನುವಾರ

ಟ್ರಯಲ್. ಬೈಪಾಸಿನಲ್ಲಿ ಆರೇಳು ಕಿಲೋಮೀಟರು. ನಾನು ಪಕ್ಕದಲ್ಲಿ, ಕೈ ಕಟ್ಟಿಕೊಂಡು. ಮೊಣಕಾಲ ಸೀರೆ ಅಲುಗಿದಾಗಲೆಲ್ಲ ಕೈ ಏಳುತ್ತಿತ್ತು. ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

"ದಾರಿ ಗಿಡ್ಡ ಆಗ್ಯದರಿ, ಆದ್ರ ಬಿಗಿ ಅದ. ವಾಹಿದಾ ಅವರದು ಇಷ್ಟು ಇದ್ದಿದ್ದಿಲ್ಲ."

"ಹೊಸಾದು. ಪಳಗತದ," ಅಂದೆ.

ನಂಬಿದಳು. ಅಳತೆಯ ವಿಷಯದಲ್ಲಿ ನನ್ನನ್ನು ಯಾವಾಗಲೂ ನಂಬಿದ್ದಾಳೆ.

ಸ್ಕೂಲು ತೆರೆಯಲು ಇನ್ನೂ ಎಂಟು ದಿನ ಇದೆ. ಅಂಜಿನೇಯನಿಗೆ ಅರ್ಧ ಗಂಟೆಯ ಕೆಲಸ, ಬೋಲ್ಟ್ ಬಿಚ್ಚಿ ಮೊದಲನೆಯ ತೂತಿಗೆ ಹಾಕುವುದು. ನಾಳೆ ಅವನನ್ನು ಕರೆಸುತ್ತೇನೆ.

ಅಕ್ಟೋಬರ್ 14

ಕರೆಸಲಿಲ್ಲ.

ಅಕ್ಟೋಬರ್ 17

ಗ್ಯಾರೇಜಿನವರೆಗೆ ನಡೆದುಕೊಂಡು ಹೋದೆ. ಕಾರಿಲ್ಲದೆ. ಅಂಜಿನೇಯ ಚಹಾ ತರಿಸಿದ. ಕುಡಿದು ಬಂದೆ. ನನಗೇ ನಾನು ಅರ್ಥವಾಗುತ್ತಿಲ್ಲ. ಅವಳಿಗೆ ಕಷ್ಟವಾಗಲಿ ಎಂದು ಬಯಸುತ್ತಿದ್ದೇನೆಯೇ? ಖಂಡಿತ ಇಲ್ಲ. ಒಂದು ದಿನ ಪ್ರಯತ್ನಿಸಿ, ಆಗುವುದಿಲ್ಲ, ನೀವು ಬರ್ರಿ ಅನ್ನಲಿ ಎಂದು? ಹೌದು. ಅಷ್ಟೆ. ಎರಡರ ನಡುವೆ ಎಷ್ಟು ಅಂತರವಿದೆ, ಅಳೆಯಲು ಬರುತ್ತಿಲ್ಲ.

ಅಕ್ಟೋಬರ್ 21, ಸೋಮವಾರ. ಬೆಳಿಗ್ಗೆ 7.50

ಹೋದಳು. ಒಬ್ಬಳೇ. ಗೇಟಿನ ಹತ್ತಿರ ಒಂದರಿಂದ ಎರಡಕ್ಕೆ ಹಾಕುವಾಗ ಸ್ವಲ್ಪ ತಡವರಿಸಿತು. ಕಿಟಕಿಯಿಂದ ಕೈ ಬೀಸಿದಳು, ಬಲಗೈ.

10.15

"ಮುಟ್ಟೀನಿ," ಎಂದು ಒಂಬತ್ತಕ್ಕೇ ಫೋನ್. ಹೇಗಿತ್ತು ಎಂದು ಕೇಳುವಷ್ಟರಲ್ಲಿ ಗಂಟೆ ಬಾರಿಸಿತು, ಇಟ್ಟಳು.

ಮನೆ ಬಹಳ ದೊಡ್ಡದು ಅನ್ನಿಸಿತು. ಎರಡು ಕೋಣೆಯ ಮನೆ. ಪೇಪರ್ ಜಾಹೀರಾತಿನ ಸಮೇತ ಓದಿದೆ. ರಸ್ತೆಯಲ್ಲಿ ಯಾವುದೋ ಗಾಡಿ ಗೇರು ಬದಲಾಯಿಸಿದ ಸದ್ದಿಗೆ ನನ್ನ ಕೈ ಕುರ್ಚಿಯ ಹಿಡಿಯನ್ನು ಹಿಂದಕ್ಕೆ ಎಳೆಯಿತು.

ಸಂಜೆ 6

ಬಂದಳು. ಚಲೋ ಇತ್ತು ಅಂದಳು. ಹೋಟೆಲಿನವನು ಗೇರ್ ಸರ್ ಎಲ್ಲಿ ಎಂದು ಕೇಳಿದನಂತೆ. ನೋವು? ಇಲ್ಲ ಅಂದಳು. ಇಲ್ಲವೇ? ಹಾಗಾದರೆ ಮುನವ್ವರ್ ಬೀ ಹೇಳಿದ್ದು ಸುಳ್ಳೇ? ಸಂತೋಷವಾಗಬೇಕಿತ್ತು. ಆಯಿತು ಕೂಡ. ಜೊತೆಗೆ ಇನ್ನೊಂದೂ ಆಯಿತು, ಅದಕ್ಕೆ ಹೆಸರು ಗೊತ್ತಿಲ್ಲ.

ಅಕ್ಟೋಬರ್ 23, ಬುಧವಾರ

ಚಲೋ ಇತ್ತು ಅಂದಳು. ರೊಟ್ಟಿ ಬಡಿಯಲಿಲ್ಲ, ಅನ್ನ ಮಾಡಿದಳು.

ಅಕ್ಟೋಬರ್ 24

ಅನ್ನ.

ಅಕ್ಟೋಬರ್ 28, ಸೋಮವಾರ

ಮೂರು ದಿನ ಬರೆಯಲಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಸೆರಗಿಗೆ ಪಿನ್ನು ಚುಚ್ಚಿಕೊಳ್ಳಲು ಹೋಗಿ ಕೈ ಎತ್ತಲಾಗದೆ ಮಂಚದ ಮೇಲೆ ಕೂತಳು. ಕರೆಯಲಿಲ್ಲ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವೆಂದು ನಾನೇ ಹೋಗಿ ನೋಡಿದೆ. ತುಟಿ ಕಚ್ಚಿಕೊಂಡಿದ್ದಳು. ಸೋಮವಾರದಿಂದಲೇ ನೋವಿತ್ತಂತೆ. "ಪಳಗತದ ಅಂದಿದ್ರೆಲ್ಲ, ಅದಕ್ಕ ತಡ್ಕೊಂಡೆ."

ತಡ್ಕೊಂಡೆ. ನನ್ನ ಮಾತಿಗೆ ನಾಲ್ಕು ದಿನ ತಡೆದುಕೊಂಡಿದ್ದಾಳೆ. ಒಂದು ದಿನ ನೋಡಿ ಬಿಡುತ್ತಾಳೆ ಎಂದುಕೊಂಡಿದ್ದೆ. ಮೂವತ್ತು ವರ್ಷ ಜೊತೆಗಿದ್ದು ಇಷ್ಟೂ ಗೊತ್ತಾಗಲಿಲ್ಲ ನನಗೆ.

ಡಾಕ್ಟರು ನೋಡಿದರು. ಒಳಗೆ ನರ ಎಳೆದಿದೆಯಂತೆ. ಆರು ವಾರ ಎಡಗೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲೇ ಇಡಬೇಕು. ಸ್ಟೇರಿಂಗ್ ಹಿಡಿಯುವಂತಿಲ್ಲ. "ಇಷ್ಟು ಜೋರಾಗಿ ಏನು ಎಳೆದಿರಿ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು, ನಾನು ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡಿದೆ.

ನಿನ್ನೆ ಮಧ್ಯಾಹ್ನ ಹೇಳಿದೆ. ಮೊದಲು ಪೂರ್ತಿ ಹೇಳಲಿಲ್ಲ.

"ನನ್ನ ತಪ್ಪು. ತೂತು ತಪ್ಪಿ ಹಾಕ್ಸೀನಿ. ಮೊದಲನೇದಕ್ಕ ಹಾಕ್ಸಬೇಕಿತ್ತು."

ಮೆಲ್ಲಗೆ ಕೇಳಿದಳು: "ಮೂವತ್ನಾಕು ವರ್ಷ ಮಂದಿ ಹೊಲ ಅಳದೀರಿ. ಒಂದು ಗೇಣು ಆಚೀಚೆ ಆಗಿಲ್ಲ ಅಂತ ಹೇಳ್ಕೋತೀರಿ. ಮೂರು ತೂತಿನ್ಯಾಗ ತಪ್ಪಿದ್ರಿ?"

ಆಗ ಹೇಳಿದೆ. ಹಾರೆ, ಮುನವ್ವರ್ ಬೀ, ಅಂಜಿನೇಯ ಬೇಡವೆಂದದ್ದು, ಖಾಲಿ ಸೀಟು, ಎಲ್ಲ. "ನನ್ನ ಕೆಲಸ ಹೋಗ್ತದಂತ ಅಂಜಿಕಿ ಆತು," ಅಂದೆ. ಕೆಲಸ ಅಂದೆ! ಆ ಶಬ್ದವೇ ಬಾಯಿಗೆ ಬಂತು. "ನಿನ್ನ ಪಕ್ಕ ಕೂಡೂದು ತಪ್ಪತದಂತ."

ಎದ್ದು ಒಳಗೆ ಹೋದಳು. ಜೋಳಿಗೆ ಬಾಗಿಲ ಚಿಲಕಕ್ಕೆ ಸಿಕ್ಕಿತು. ಬಿಡಿಸಲು ಹೋದೆ. "ಬ್ಯಾಡ," ಅಂದಳು.

ಅಕ್ಟೋಬರ್ 31. ದೀಪಾವಳಿ

ಅನ್ನ ನಾನು ಮಾಡುತ್ತೇನೆ, ಸಾರು ಅವಳು ಕುಳಿತು ಹೇಳುತ್ತಾಳೆ. "ಉಪ್ಪು", "ಸಾಕು", "ಆರಿಸ್ರಿ". ಇಷ್ಟೇ ಮಾತು. ಜಡೆ ಹಾಕಲು ಪಕ್ಕದ ಮನೆಯವರನ್ನು ಕರೆದಳು. ನಾನು ಇಲ್ಲೇ ಕೂತಿದ್ದೆ.

ವಾಹಿದಾ ಬಂದಿದ್ದರು. ಹತ್ತನೆಯ ತರಗತಿಗೆ ಇವಳ ವಿಜ್ಞಾನ ಪಾಠ ಇನ್ನೂ ಅರ್ಧ ಬಾಕಿಯಂತೆ. ಆದರೂ ಮೆಡಿಕಲ್ ರಜೆ ಹಾಕಿ ಅಂದರು. ಇವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಸೋಮವಾರದಿಂದ ಜೋಳಿಗೆ ಹಾಕಿಕೊಂಡೇ ಬಸ್ಸಿನಲ್ಲಿ ಹೋಗುತ್ತಾಳಂತೆ. ಸೀಟು ಸಿಗದಿದ್ದರೆ? ನಾನು ಬಸ್ಸಿನಲ್ಲಿ ಜೊತೆಗೆ ಬರುತ್ತೇನೆ ಅಂದೆ. ವಾಹಿದಾ ಅವರ ಕಡೆ ತಿರುಗಿ ಪಾಠದ ಮಾತು ಮುಂದುವರಿಸಿದಳು.

ಕ್ಷಮಿಸಿದ್ದಾಳೆಯೇ? ಇಲ್ಲವೇ? ಕೇಳಲು ಧೈರ್ಯವಿಲ್ಲ. ಸಂಜೆ ದೀಪ ಹಚ್ಚುವಾಗ ಕಡ್ಡಿಪೆಟ್ಟಿಗೆ ನನ್ನ ಕಡೆ ಸರಿಸಿದಳು. ಅದು ಕ್ಷಮಿಸಿದ್ದೇನೆ ಎಂದೋ, ಅಥವಾ ಒಂದು ಕೈಯಲ್ಲಿ ಕಡ್ಡಿ ಗೀರಲಾಗುವುದಿಲ್ಲ ಎಂದೋ.

ನವೆಂಬರ್ 2, ಶನಿವಾರ

ಅಂಜಿನೇಯ ಬಂದಿದ್ದ. ನಾನೇ ಕರೆಸಿದ್ದು, ಬೋಲ್ಟ್ ಮೊದಲನೆಯ ತೂತಿಗೆ ಬದಲಿಸಲು. ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಕಾರಿನಲ್ಲಿ ಕೂತಿದ್ದ. ನಾಗರತ್ನಾ ಬಾಗಿಲಿಗೆ ಬಂದು ನಿಂತಳು.

"ಇರ್ಲಿ ಬಿಡು ಅಂಜಿನೇಯ. ಈಗ ಬ್ಯಾಡ."

"ಅಕ್ಕಾರ, ಅಣ್ಣಾರ ಹೇಳಿ ಕಳ್ಸಿದ್ರು…"

"ನನ್ನ ಗಾಡಿ ಅದು. ನಾ ಹೇಳಿದಾಗ ಮಾಡೀಯಂತ."

ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಚಹಾ ಕುಡಿದು ಹೋದ. ಮೂರನೆಯ ತೂತನ್ನೇ ಏಕೆ ಉಳಿಸಿಕೊಂಡಳು? ದಿನಾ ನೋಡಿ ನಾನು ನೆನಪಿಟ್ಟುಕೊಳ್ಳಲಿ ಎಂದೇ? ಅಥವಾ ಇನ್ನು ಆ ಕಾರನ್ನೇ ಮುಟ್ಟುವುದಿಲ್ಲವೇ? ಇಡೀ ಮಧ್ಯಾಹ್ನ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ನವೆಂಬರ್ 4, ಸೋಮವಾರ. ಬೆಳಿಗ್ಗೆ 7.10

ಅಕ್ಷರ ಸೊಟ್ಟ ಬರುತ್ತಿದೆ.

ಆರೂವರೆಗೇ ತಯಾರಾಗಿ ಬಂದಳು. ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಕಾರಿನ ಕೀಲಿ ತಂದು ನನ್ನ ಮುಂದೆ ಇಟ್ಟಳು, ಈ ಪುಸ್ತಕದ ಮೇಲೆ.

"ಇದ್ಯಾಕ?" ಅಂದೆ.

"ನನ್ನ ಭುಜ ಸರಿಹೋಗೋತನ ನೀವ ಓಡಸ್ರಿ."

"ನಾನಾ? ನಾಗೂ, ಎಂಟು ವರ್ಷ ಆತು… ನನಗ ಆಗಂಗಿಲ್ಲ. ಅವತ್ತು ಭತ್ತದ ಮ್ಯಾಲ…"

"ಅವತ್ತು ನಾನೂ ಗಾಡ್ಯಾಗ ಇದ್ನಿ. ನನಗೂ ನೆನಪದ." ಜೋಳಿಗೆಯನ್ನು ಸರಿಪಡಿಸಿಕೊಂಡಳು. "ಮೂರನೇದು ಬೇಕಂತ ಆರಿಸಿದವರು ನೀವು. ಜಡಾ ಇದ್ರ ಇರ್ಲಿ. ದಿನಾ ನೀವ ಹಾಕ್ರಿ. ನಾ ಪಕ್ಕ ಕುಂದರ್ತೀನಿ. ಪಕ್ಕ ಕುಂದರಬೇಕಂತ ಅಲ್ರಿ ಇಷ್ಟೆಲ್ಲಾ ಮಾಡಿದ್ದು?"

ಸಿಟ್ಟಿನಿಂದ ಹೇಳಿದಳೇ? ದನಿಯಲ್ಲಿ ಸಿಟ್ಟಿತ್ತು. ಕಣ್ಣಲ್ಲಿ ಇರಲಿಲ್ಲ. ಅಥವಾ ಕಣ್ಣಲ್ಲೂ ಇತ್ತೇನೋ, ನಾನು ಸರಿಯಾಗಿ ನೋಡಲಿಲ್ಲ. ಎರಡು ನಿಮಿಷ ಎಂದು ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬರೆದರೆ ಧೈರ್ಯ ಬರಬಹುದು ಎಂದು. ಬಂದಿಲ್ಲ.

ಹಾರ್ನ್ ಆಗುತ್ತಿದೆ. ಕಿಟಕಿಯಿಂದ ನೋಡಿದೆ. ಎಡಗಡೆ ಸೀಟಿನಲ್ಲಿ ಕೂತು, ಬಲಗೈ ಚಾಚಿ ಸ್ಟೇರಿಂಗಿನ ಹಾರ್ನ್ ಒತ್ತುತ್ತಿದ್ದಾಳೆ. ಬಲಗಡೆ ಬಾಗಿಲು ತೆರೆದಿಟ್ಟಿದ್ದಾಳೆ. ಇನ್ನೊಂದು ಸಲ ಒತ್ತಿದಳು. ಬಂದೆ ಎಂದು ಕೂಗಿದೆ.

ಎಡಗಾಲು ಕ್ಲಚ್ಚು. ಬಲಗಾಲು ಬ್ರೇಕು, ಅದರ ಪಕ್ಕ ಎಕ್ಸಲೇಟರು. ಹೊರಟೆ.